ಪ್ರಾರ್ಥನೆಗೆ ಮುಂಚೆ ತೆಗೆದ ಚಿತ್ರ

ಆ ಕ್ರೈಸ್ತ ಸಭೆಗೆ ಪಾಸ್ಟರ್ ಆಗಿ ಬಂದಾಗ ಅವರಿಗೆ ನಲವತ್ನಾಲ್ಕು ವರ್ಷ. ತಲೆ ತುಂಬ ಕೂದಲಿತ್ತು, ಕಂಠ ಮೈಕಿಲ್ಲದೆ ಕೊನೆಯ ಸಾಲಿನ ತನಕ ಕೇಳುತ್ತಿತ್ತು, ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದರು. ಈಗ ಐವತ್ತೆಂಟು. ಕೂದಲು ಹೋದದ್ದಕ್ಕೆ ಅವರಿಗೆ ಬೇಜಾರಿರಲಿಲ್ಲ. ಕಂಠ ಹೋಗುತ್ತಿರುವುದು ಮಾತ್ರ ಒಳಗೊಳಗೇ ಕಾಡುತ್ತಿತ್ತು. ಭಾನುವಾರ ಎರಡು ಆರಾಧನೆ ಮುಗಿಸಿದರೆ ಸೋಮವಾರ ಸಂಜೆಯವರೆಗೂ ಗಂಟಲು ಹಳೆ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು.

ಆರಾಧನೆ ನಡೆಯುತ್ತಿದ್ದದ್ದು ಹಿಂದೆ ತಗಡಿನ ಗೋದಾಮಾಗಿದ್ದ ಒಂದು ಉದ್ದನೆಯ ಕಟ್ಟಡದಲ್ಲಿ. ಬಿಸಿಲು ಏರಿದರೆ ಮೇಲಿನ ತಗಡು ಪಟಪಟ ಅನ್ನುತ್ತಿತ್ತು. ಪೀಠದಿಂದ ಮಾಡುವ ಪ್ರಸಂಗದ ಮುಖ್ಯ ಮಾತು ಬರುವ ಹೊತ್ತಿಗೆ ಸರಿಯಾಗಿ ಈ ಪಟಪಟ ಶುರುವಾಗುತ್ತದೆ ಎಂದು ಪಾಸ್ಟರ್ ಅವರ ಗುಮಾನಿ. ಕಟ್ಟಡ ನೋಡಿಕೊಳ್ಳುವ ಮುದುಕನನ್ನು ಎಲ್ಲರೂ ಗಂಟೆಯಣ್ಣ ಎಂದೇ ಕರೆಯುತ್ತಿದ್ದರು. ಗಂಟೆ ಹೊಡೆಯುವುದು, ಕುರ್ಚಿ ಜೋಡಿಸುವುದು, ನೀರಿನ ಟ್ಯಾಂಕ್ ತುಂಬಿ ಹರಿದಾಗ ಯಾರಿಗೆಂದಿಲ್ಲದೆ ಬೈಯುವುದು, ಇಷ್ಟು ಅವನ ಕೆಲಸ. ಮಿಕ್ಕದ್ದೆಲ್ಲ ಪಾಸ್ಟರ್ ಅವರದು. ಮಕ್ಕಳ ಶಾಲೆಗೆ ಶಿಫಾರಸು ಪತ್ರ, ಗಂಡಹೆಂಡಿರ ಜಗಳ, ಆಸ್ಪತ್ರೆಯ ಹಾಸಿಗೆಗಳು, ಬಾಡಿಗೆ ಮನೆ ಹುಡುಕಿಕೊಡುವುದು, ಹಾಡುವವರಲ್ಲಿ ಯಾರು ಮುಂದೆ ನಿಲ್ಲಬೇಕು ಎಂಬ ತಕರಾರು, ಸಾವು. ಯಾರಾದರೂ "ಅಯ್ಯನವರೇ, ಒಂದೇ ನಿಮಿಷ" ಅಂದರೆ ಮುಕ್ಕಾಲು ಗಂಟೆ ಹೋಯಿತು ಅಂತಲೇ ಲೆಕ್ಕ.

ಒಂಬತ್ತು ವರ್ಷದ ಹಿಂದೆ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಾಗ ಡಾಕ್ಟರು ದಿನಾ ಬೆಳಿಗ್ಗೆ ನಡೆಯಿರಿ ಎಂದರು. ಸುಮ್ಮನೆ ನಡೆಯುವುದು ಪಾಸ್ಟರ್ ಅವರಿಗೆ ಒಗ್ಗಲಿಲ್ಲ. ಹೆಂಡತಿಯ ಅಣ್ಣ ಹೊಸದು ಕೊಂಡಾಗ ಬಿಟ್ಟುಹೋಗಿದ್ದ ಒಂದು ಕ್ಯಾಮೆರಾ ಬೀರುವಿನಲ್ಲಿ ಮಲಗಿತ್ತು. ಅದನ್ನು ಕೊರಳಿಗೆ ಹಾಕಿಕೊಂಡು ಹೊರಟರು. ಮುಚ್ಚಿದ ಅಂಗಡಿಯ ಷಟರಿನ ಮೇಲೆ ಓರೆಯಾಗಿ ಬಿದ್ದ ಬಿಸಿಲು, ಡಿಪೋದಲ್ಲಿ ಸಾಲಾಗಿ ನಿಂತ ಬಸ್ಸುಗಳ ಒದ್ದೆ ಗಾಜು, ಚಪ್ಪಲಿ ಹೊಲಿಯುವವನ ಉಳಿಗಳು, ಒಬ್ಬಳು ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈಕೊಟ್ಟು ಬೀದಿ ನೋಡುತ್ತಿದ್ದದ್ದು. ಒಂದು ತಿಂಗಳಲ್ಲಿ ಚಿತ್ರಗಳು ರಾಶಿ ಬಿದ್ದವು. ಇವನ್ನೆಲ್ಲ ಏನು ಮಾಡುವುದು ಎಂದು ಯೋಚಿಸಿ ಒಂದು ಬ್ಲಾಗು ತೆರೆದರು. ದಿನಕ್ಕೊಂದು ಚಿತ್ರ, ಅದರ ಕೆಳಗೆ ಆರೇಳು ಸಾಲು. ಪ್ರಸಂಗದಲ್ಲಿ ಹೇಳಲಾಗದ್ದನ್ನು ಅಲ್ಲಿ ಹೇಳಬಹುದಿತ್ತು. ಪ್ರಸಂಗಕ್ಕೆ ಉಪದೇಶ ಬೇಕೇ ಬೇಕು. ಬ್ಲಾಗಿನಲ್ಲಿ "ಇವತ್ತು ಈ ಗೋಡೆ ನೋಡಿದೆ, ಸುಮ್ಮನೆ ನಿಂತೆ" ಎಂದು ಬರೆದು ಬಿಟ್ಟುಬಿಟ್ಟರೂ ನಡೆಯುತ್ತಿತ್ತು.

ಐದಕ್ಕೆ ಏಳುವುದು, ಪ್ರಾರ್ಥನೆ, ಆರಕ್ಕೆ ನಡಿಗೆ, ಏಳೂವರೆಗೆ ಬ್ಲಾಗು, ಎಂಟಕ್ಕೆ ತಿಂಡಿ, ಆಮೇಲೆ ಸಭೆಯ ಕೆಲಸ. ಒಂಬತ್ತು ವರ್ಷ ಈ ಸರಪಳಿ ಕಡಿದಿರಲಿಲ್ಲ. ದಿನಕ್ಕೆ ಅರವತ್ತೋ ಎಪ್ಪತ್ತೋ ಜನ ಓದುತ್ತಿದ್ದರು. ಅವರಲ್ಲಿ ಹೆಚ್ಚಿನವರ ಮುಖವನ್ನು ಪಾಸ್ಟರ್ ನೋಡಿರಲಿಲ್ಲ. ಸಭೆಯವರಲ್ಲಿ ಕೆಲವರು ನಗುತ್ತ "ಕ್ಯಾಮೆರಾ ಪಾಸ್ಟರ್" ಎನ್ನುತ್ತಿದ್ದರು. ಅವರೂ ನಗುತ್ತಿದ್ದರು. ಆದರೆ ಕಳೆದ ಎರಡು ಮೂರು ವರ್ಷಗಳಿಂದ ಈ ಸರಪಳಿಯಲ್ಲಿ ಒಂದು ಕೊಂಡಿ ಸವೆದಿತ್ತು. ಐದಕ್ಕೆ ಎದ್ದು ಮೊಣಕಾಲೂರಿದರೆ ಮಾತು ಬರುತ್ತಿರಲಿಲ್ಲ. ಬಾಯಿಪಾಠದ ವಾಕ್ಯಗಳು ಬರುತ್ತಿದ್ದವು, ನಾಲಿಗೆಯ ಮೇಲೆ ಹಾದು ಹೋಗುತ್ತಿದ್ದವು, ಎದೆಗೆ ಇಳಿಯುತ್ತಿರಲಿಲ್ಲ. ಅವರಿಗೆ ದೇವರ ಮೇಲೆ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಬರೀ ಸುಸ್ತು. ಅರ್ಧ ಗಂಟೆಯ ಪ್ರಾರ್ಥನೆ ಹತ್ತು ನಿಮಿಷಕ್ಕೆ ಇಳಿಯಿತು, ಆಮೇಲೆ ಐದಕ್ಕೆ. ಮಿಕ್ಕ ಹೊತ್ತೂ ಕ್ಯಾಮೆರಾಕ್ಕೇ ಹೋಯಿತು. ಬೀದಿಯಲ್ಲಿ ಏನನ್ನಾದರೂ ಕಂಡ ತಕ್ಷಣ ಮನಸ್ಸು ಚುರುಕಾಗಿ ಸಾಲುಗಳನ್ನು ಹೊಸೆಯುತ್ತಿತ್ತು. ಇಷ್ಟಾದರೂ ಜೀವ ಇದೆಯಲ್ಲ ಎಂದು ಅವರು ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಸಭೆಯ ದರ್ಜಿಯೊಬ್ಬನ ಹೆಂಡತಿ ತೀರಿಕೊಂಡದ್ದು ಒಂದು ಶುಕ್ರವಾರ ಬೆಳಗಿನ ಜಾವ. ಎಂಟು ತಿಂಗಳು ಹಾಸಿಗೆ ಹಿಡಿದಿದ್ದ ಜೀವ. ಪಾಸ್ಟರ್ ನಡಿಗೆಗೆ ಹೊರಟು ಎರಡು ಬೀದಿ ದಾಟಿದ್ದರು, ಗಂಟೆಯಣ್ಣನ ಫೋನು ಬಂತು. "ಅಯ್ಯನವರೇ, ಟೈಲರ್ ಮನೆಯಾಕೆ ಹೋಗ್ಬಿಟ್ರು. ಮಗಳು ಫೋನ್ ಮಾಡಿದ್ಲು. ನೀವು ಹಂಗೇ ಹೋಗ್ಬಿಡಿ." ಅವರು ಹಾಗೆಯೇ ಹೋದರು. ಕ್ಯಾಮೆರಾ ಕೊರಳಲ್ಲೇ ಇತ್ತು.

ದರ್ಜಿಯ ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಮೆಷಿನು, ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಅರೆಹೊಲಿದ ಪ್ಯಾಂಟುಗಳು. ಬಾಗಿಲು ಅರ್ಧ ತೆರೆದಿತ್ತು. ಒಳಕೋಣೆಯಲ್ಲಿ ಮಗಳೋ ಯಾರೋ ಬಿಕ್ಕುವ ಸದ್ದು. ಮುಂದಿನ ಕೋಣೆಯಲ್ಲಿ ದರ್ಜಿ ಒಬ್ಬನೇ. ಎಪ್ಪತ್ತು ದಾಟಿದ ಆತ ಬಾಗಿಲಿಗೆ ಬೆನ್ನು ಮಾಡಿ ಮೆಷಿನಿನ ಮುಂದೆ ಕೂತಿದ್ದ. ಕಿಟಕಿಯಿಂದ ಬಂದ ಬೆಳಕು ಒಂದು ನೀಲಿ ಗೌನಿನ ಮೇಲೆ ಬಿದ್ದಿತ್ತು. ಆತ ಅದರ ಪಕ್ಕದ ಹೊಲಿಗೆಯನ್ನು ಬಿಚ್ಚಿ ಪಿನ್ನು ಚುಚ್ಚಿ ಒಳಗೆ ಹಿಡಿಯುತ್ತಿದ್ದ.

ಪಾಸ್ಟರ್ ಕೆಮ್ಮಿದರು. ದರ್ಜಿ ತಿರುಗದೆಯೇ ಹೇಳಿದ:

"ಬನ್ನಿ ಅಯ್ಯನವರೇ. ಅವಳಿಗೆ ಇಷ್ಟದ್ದು ಇದು. ಆದ್ರೆ ಸೊರಗಿ ಅರ್ಧ ಆಗ್ಬಿಟ್ಟಿದಾಳೆ, ಹಂಗೇ ಹಾಕಿದ್ರೆ ದೊಗಳೆ ಆಗ್ತದೆ. ಎರಡೂ ಕಡೆ ಒಂದೊಂದು ಇಂಚು ಹಿಡಿದುಬಿಡ್ತೀನಿ. ಐದೇ ನಿಮಿಷ."

ಮೆಷಿನು ಓಡತೊಡಗಿತು. ಪಾಸ್ಟರ್ ಅಲ್ಲೇ ನಿಂತರು. ಒಂದು ಪಕ್ಕ ಮುಗಿದು ಇನ್ನೊಂದು ಪಕ್ಕ ಶುರುವಾಯಿತು. ಅವರು ಬಂದದ್ದು ಪ್ರಾರ್ಥನೆ ಮಾಡಲು. ಹೋಗಿ ಆ ಹೆಗಲ ಮೇಲೆ ಕೈಯಿಡಬೇಕಿತ್ತು, ಅಷ್ಟು ಸಾಕಿತ್ತು. ಆದರೆ ಕೈ ತಾನಾಗಿ ಕ್ಯಾಮೆರಾಕ್ಕೆ ಹೋಯಿತು. ಬಗ್ಗಿದ ಬೆನ್ನು, ನೀಲಿ ಬಟ್ಟೆ, ಕಿಟಕಿಯ ಬೆಳಕು, ಮೆಷಿನಿನ ಚಕ್ರ. ಒಂದೇ ಒಂದು ಸಲ ಒತ್ತಿದರು. ಮೆಷಿನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಒಳಗೆ ಹೋಗಿ ಪ್ರಾರ್ಥನೆ ಮಾಡಿದರು. ಮಧ್ಯಾಹ್ನ ಮಣ್ಣು ಮಾಡಿ ಬಂದರು.

ಶನಿವಾರ ಬೆಳಿಗ್ಗೆ ಚಿತ್ರವನ್ನು ಬ್ಲಾಗಿಗೆ ಹಾಕಿದರು. ಹೆಸರು ಹಾಕಲಿಲ್ಲ, ಬೀದಿ ಹೇಳಲಿಲ್ಲ, ಮುಖ ಹೇಗೂ ಕಾಣುತ್ತಿರಲಿಲ್ಲ. ಕೆಳಗೆ ಆರು ಸಾಲು ಬರೆದರು. ಕೊನೆಯದು ಹೀಗಿತ್ತು: 'ನಲವತ್ತಾರು ವರ್ಷ ಅವಳ ಅಳತೆ ಬಲ್ಲವನು ಕೊನೆಯ ಅಳತೆಯನ್ನೂ ತಾನೇ ತೆಗೆದ.' ಅದನ್ನು ಎರಡು ಸಲ ಓದಿಕೊಂಡರು. ಚೆನ್ನಾಗಿದೆ ಅನ್ನಿಸಿತು. ತಿಂಡಿಗೆ ಎದ್ದರು.

ಸಂಜೆ ತೆರೆದು ನೋಡಿದರೆ ನಾಲ್ಕು ಸಾವಿರ ಜನ ನೋಡಿದ್ದರು. ಯಾರೋ ಅದನ್ನು ಎತ್ತಿಕೊಂಡು ತಮ್ಮ ಗುಂಪುಗಳಿಗೆ ಹಂಚಿದ್ದರು. ಭಾನುವಾರ ಆರಾಧನೆ ಮುಗಿಸಿ ಬಂದಾಗ ಇಪ್ಪತ್ತು ಸಾವಿರ ದಾಟಿತ್ತು. ಎಂದೂ ಬ್ಲಾಗಿನ ಬಗ್ಗೆ ಒಂದು ಮಾತಾಡದ ಸಭೆಯ ಕಾರ್ಯದರ್ಶಿ ಅವತ್ತು ಹತ್ತಿರ ಬಂದು ಕೈ ಕುಲುಕಿದ.

"ಏನ್ ಅಯ್ಯನವರೇ, ಎಲ್ಲಾ ಕಡೆ ನಿಮ್ದೇ ಫೋಟೋ! ನನ್ನ ಬೀಗರು ಕಳಿಸಿದಾರೆ, ನಂಗೇ! ಕೆಳಗೆ ನಮ್ಮ ಸಭೆ ಹೆಸರು, ಆರಾಧನೆ ಟೈಮು ಹಾಕ್ಬಿಡಬಹುದಿತ್ತು ನೋಡಿ."

ಪಾಸ್ಟರ್ ನಕ್ಕು ತಲೆಯಾಡಿಸಿದರು. ನಿಜ ಹೇಳಬೇಕೆಂದರೆ ಅವರಿಗೆ ಸಂತೋಷವಾಗಿತ್ತು. ಆ ಎರಡು ದಿನ ಊಟ ಮಾಡುವಾಗಲೂ ಕಣ್ಣು ಫೋನಿನ ಕಡೆ ಹೊರಳುತ್ತಿತ್ತು. ಎಷ್ಟೋ ವರ್ಷದಿಂದ ಬತ್ತಿದ್ದ ಯಾವುದೋ ನರಕ್ಕೆ ರಕ್ತ ಹರಿದ ಹಾಗಿತ್ತು. ಹೆಂಡತಿ ಅದನ್ನು ಗಮನಿಸಿದಳು, ಏನೂ ಕೇಳಲಿಲ್ಲ.

ಮಂಗಳವಾರ ಮಧ್ಯಾಹ್ನ ದರ್ಜಿಯ ಮಗಳು ಕಟ್ಟಡದ ಹಿಂಬದಿಯಲ್ಲಿದ್ದ ಅವರ ಚಿಕ್ಕ ಕೋಣೆಗೆ ಬಂದಳು. ಮೂವತ್ತೈದರ ಹೆಂಗಸು, ರಕ್ತಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸ. ಕೆಲಸದ ಬಿಳಿ ಕೋಟು ಮಡಿಸಿ ಕೈಯಲ್ಲಿತ್ತು. ಕೂರಿ ಅಂದರೂ ಕೂರಲಿಲ್ಲ.

"ಇವತ್ತೇ ಡ್ಯೂಟಿಗೆ ಹೋದೆ ಅಯ್ಯನವರೇ. ನನ್ನ ಜೊತೆ ಕೆಲಸ ಮಾಡೋಳು ಫೋನ್ ತಂದು ಮುಖಕ್ಕೆ ಹಿಡಿದ್ಲು. 'ನೋಡೇ, ಪ್ರೀತಿ ಅಂದ್ರೆ ಇದು, ನಂಗೆ ಅಳು ಬಂತು' ಅಂದ್ಲು. ಅವಳಿಗೆ ಗೊತ್ತಿಲ್ಲ. ನೋಡಿದ್ರೆ ನಮ್ಮಪ್ಪನ ಬೆನ್ನು. ನಮ್ಮಮ್ಮನ ಗೌನು."

ಪಾಸ್ಟರ್ ಎದ್ದು ನಿಂತರು. "ನಾನು ಹೆಸರು ಹಾಕಿರಲಿಲ್ಲಮ್ಮ. ಮುಖ ಕೂಡ..."

"ಮಗಳಿಗೆ ಅಪ್ಪನ ಬೆನ್ನು ಗೊತ್ತಾಗಲ್ವಾ?" ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಅವರಿಗೆ. "ನಾನು ಒಳಗೆ ಅಮ್ಮನ ಕೈಕಾಲು ಒರೆಸ್ತಾ ಇದ್ದೆ. ಅಯ್ಯನವರು ಬಂದ್ರು ಅಂತ ಕೇಳಿಸ್ತು. ಸದ್ಯ ಬಂದ್ರಲ್ಲ, ಅಪ್ಪನ ಹತ್ತಿರ ಯಾರೋ ಒಬ್ರು ಇದಾರಲ್ಲ ಅಂತ ಅಂದ್ಕೊಂಡೆ. ನೀವು ಫೋಟೋ ತೆಗೀತಾ ಇದ್ರಿ. ಪ್ರಾರ್ಥನೆಗಿಂತ ಮುಂಚೆ ತೆಗೆದ್ರಾ, ಆಮೇಲಾ?"

ಸುಳ್ಳು ಹೇಳಬಹುದಿತ್ತು. "ಮುಂಚೆ," ಎಂದರು ಪಾಸ್ಟರ್.

ಅವಳು ಕೋಟನ್ನು ಇನ್ನೊಂದು ಕೈಗೆ ಬದಲಿಸಿದಳು. "ಕೊನೇ ಸಾಲು ಬರೆದಾಗ ಚೆನ್ನಾಗಿ ಬಂತು ಅನ್ನಿಸ್ತು ಅಲ್ವಾ ನಿಮಗೆ?"

ಪಾಸ್ಟರ್ ಅವಳ ಎದುರಿಗೇ ಕಂಪ್ಯೂಟರ್ ತೆರೆದು ಆ ಪುಟವನ್ನು ಅಳಿಸಿದರು. ಎರಡು ಸಲ ತಪ್ಪು ಗುಂಡಿ ಒತ್ತಿದರು. ಕೊನೆಗೆ ಕ್ಷಮೆ ಕೇಳಿದರು. ಅವಳು ಬಾಗಿಲ ಹತ್ತಿರ ಹೋಗಿ ತಿರುಗಿದಳು.

"ನೀವು ಅಳಿಸಿದ್ರೆ ನಿಮ್ಮ ಹತ್ತಿರ ಹೋಯ್ತು, ಅಷ್ಟೇ. ಜನರ ಫೋನಲ್ಲೆಲ್ಲ ಇದೆಯಲ್ಲ. ಇನ್ನೊಂದು ತಿಂಗಳು ಯಾರ್ಯಾರೋ ನಮ್ಮಮ್ಮನ ಬಟ್ಟೆ ನೋಡಿ ಅಳ್ತಾ ಇರ್ತಾರೆ. ನಾನಿನ್ನೂ ಸರಿಯಾಗಿ ಅತ್ತೇ ಇಲ್ಲ."

ಅವಳು ಹೋದ ಮೇಲೆ ಪಾಸ್ಟರ್ ಬಹಳ ಹೊತ್ತು ಆ ಕೋಣೆಯಲ್ಲೇ ಕೂತರು. ಗಂಟೆಯಣ್ಣ ಬಂದು ಟ್ಯಾಂಕಿನ ವಾಲ್ವು ಮತ್ತೆ ಕೆಟ್ಟಿದೆ ಎಂದು ದೂರು ಹೇಳಿದ. ಹೂಂ ಎಂದರು. ಮನೆಗೆ ಹೋದರು. ಹೆಂಡತಿಗೆ ಹೇಳಲಿಲ್ಲ. ಹೇಳಲು ಬಾಯಿಯವರೆಗೆ ಬಂದಿತ್ತು. ಆಕೆ ಪ್ರಾಥಮಿಕ ಶಾಲೆಯಲ್ಲಿ ನಲವತ್ತೆಂಟು ಮಕ್ಕಳ ಜೊತೆ ಕೂಗಾಡಿ ಬಂದು ಸುಸ್ತಾಗಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡರು. ಅವರ ಸಂಸಾರದಲ್ಲಿ ಈ 'ನಾಳೆ' ಎಷ್ಟೋ ವರ್ಷದಿಂದ ಮುಂದಕ್ಕೆ ಹೋಗುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಕ್ಯಾಮೆರಾ ತೆಗೆದುಕೊಳ್ಳಲಿಲ್ಲ. ಬ್ಲಾಗು ಬರೆಯಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನಕ್ಕೆ ಅಪರಿಚಿತರಿಂದ ವಿಚಾರಣೆ ಶುರುವಾಯಿತು. 'ಪಾಸ್ಟರ್, ಹುಷಾರಾಗಿದೀರಾ?' 'ನಿಮ್ಮ ಮಂಡಿನೋವು ಹೇಗಿದೆ?' 'ಬೆಳಗಿನ ಕಾಫಿ ಜೊತೆ ನಿಮ್ಮ ಚಿತ್ರ ಇಲ್ಲದೆ ಏನೋ ಕಳಕೊಂಡ ಹಾಗೆ.' ಅವರು ಯಾವುದಕ್ಕೂ ಉತ್ತರಿಸಲಿಲ್ಲ. ಬೀದಿಯಲ್ಲಿ ನಡೆಯುವಾಗ ಕಣ್ಣು ಹಳೆಯ ಅಭ್ಯಾಸದಂತೆ ಏನನ್ನಾದರೂ ಹಿಡಿಯುತ್ತಿತ್ತು, ಮನಸ್ಸು ಸಾಲು ಹೊಸೆಯಲು ಹೊರಡುತ್ತಿತ್ತು, ಅವರು ಅದನ್ನು ಗದರಿಸುತ್ತಿದ್ದರು. ನೋಡಿದ್ದನ್ನು ಎಲ್ಲಿ ಇಡಬೇಕು ಎಂದು ತಿಳಿಯದೆ ಎದೆ ಭಾರವಾಗುತ್ತಿತ್ತು. ಕಾಯಿಲೆಯವರ ಮನೆಗಳಿಗೆ ಹೋದರೆ ತಮ್ಮನ್ನು ತಾವೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದರು. ಈ ಮುದುಕಿಯ ಕೈ ಹಿಡಿದಿರುವುದು ಅವಳಿಗಾಗಿಯೋ, ನಾಳಿನ ಆರು ಸಾಲಿಗಾಗಿಯೋ? ಹಿಂದಿರುಗಿ ನೋಡಿದರೆ ಒಂಬತ್ತು ವರ್ಷದ ಎಷ್ಟೋ ಪುಟಗಳು ಹೀಗೆಯೇ ಬೇರೆಯವರ ಅಂಗಳದಿಂದ ಹೇಳದೆ ಕೇಳದೆ ಕಿತ್ತು ತಂದ ಹೂಗಳ ಹಾಗೆ ಕಂಡವು.

ಆ ಭಾನುವಾರ ಎರಡನೆಯ ಆರಾಧನೆಯ ಪ್ರಸಂಗದ ನಡುವೆ ಅವರು ನಿಂತುಬಿಟ್ಟರು. ದುಃಖಪಡುವವರ ಬಗ್ಗೆ ಮಾತಾಡುತ್ತಿದ್ದರು. ಬಾಯಿ ಮುಂದಿನ ವಾಕ್ಯಕ್ಕೆ ತೆರೆದಿತ್ತು, ವಾಕ್ಯ ಬರಲಿಲ್ಲ. ಕಾಗದ ನೋಡಿದರು. ಅಕ್ಷರಗಳು ಕಂಡವು, ಅವನ್ನು ಹೇಳುವ ಬಲ ಇರಲಿಲ್ಲ. ಮೇಲೆ ತಗಡು ಪಟಪಟ ಅಂದಿತು. ಜನ ಮೊದಲು ಇದೊಂದು ಅರ್ಥಗರ್ಭಿತ ಮೌನವೆಂದು ತಿಳಿದು ಗಂಭೀರವಾಗಿ ಕೂತರು. ಮೌನ ಉದ್ದವಾಯಿತು. ಯಾರೋ ಕೆಮ್ಮಿದರು. ಬಾಗಿಲ ಹತ್ತಿರ ಅರೆನಿದ್ದೆಯಲ್ಲಿದ್ದ ಗಂಟೆಯಣ್ಣ ಬೆಚ್ಚಿ ಕಣ್ಣು ಬಿಟ್ಟ. ಸದ್ದಿಲ್ಲದಿರುವುದನ್ನು ಕೇಳಿ ಆರಾಧನೆ ಮುಗಿಯಿತೆಂದೇ ತಿಳಿದು ಎದ್ದು ಹೋಗಿ ಗಂಟೆ ಹೊಡೆದೇಬಿಟ್ಟ. ಜನ ತಬ್ಬಿಬ್ಬಾಗಿ ಎದ್ದು ನಿಂತರು. ಹಾಡುವವರು ಸಿಕ್ಕಿದ ಹಾಡು ಹಿಡಿದರು. ಪಾಸ್ಟರ್ ಪೀಠದ ಹಿಂದಿನ ಕುರ್ಚಿಯಲ್ಲಿ ಕುಸಿದು ಕೂತರು. ಗಂಟೆಯಣ್ಣನಿಗೆ ಆಮೇಲೆ ಕಾರ್ಯದರ್ಶಿಯಿಂದ ಮಂಗಳಾರತಿ ಆಯಿತು. "ನಂಗೇನು ಗೊತ್ತು? ಇಷ್ಟು ವರ್ಷದಲ್ಲಿ ಅಯ್ಯನವರು ಸುಮ್ಮನಾದ್ರೆ ಮುಗೀತು ಅಂತಲೇ ಅರ್ಥ ಇತ್ತು," ಎಂದು ಅವನು ತನ್ನ ವಾದ ಬಿಡಲಿಲ್ಲ.

ಮನೆಯಲ್ಲಿ ಊಟವಾದ ಮೇಲೆ ಹೆಂಡತಿ ಮೇಜಿನ ಮೇಲೆ ಮಕ್ಕಳ ಕಾಪಿ ಪುಸ್ತಕಗಳ ಕಟ್ಟು ಬಿಚ್ಚಿದಳು. ಕೆಂಪು ಪೆನ್ನು ಹಿಡಿದು ಎರಡು ಪುಸ್ತಕ ತಿದ್ದಿದಳು. ಮೂರನೆಯದನ್ನು ತೆರೆದು, ತಲೆಯೆತ್ತದೆ ಕೇಳಿದಳು:

"ರೀ, ಏನಾಗಿದೆ?"

"ಏನಿಲ್ಲ. ಸ್ವಲ್ಪ ಸುಸ್ತು."

"ಸುಸ್ತು ಅಂತ ನಂಗೂ ಗೊತ್ತು. ಇಡೀ ಸಭೆ ನೋಡಿದೆ. ಯಾಕೆ ಅಂತ ಕೇಳ್ತಿದೀನಿ. ಅಥವಾ ಅದನ್ನೂ ಬ್ಲಾಗಲ್ಲಿ ಬರೀತೀರೋ?"

ಪಾಸ್ಟರ್‌ಗೆ ಈ ಮಾತಿನ ಮೊನೆ ತಟ್ಟಿತು. "ನೀನು ಓದಿಲ್ವಾ? ಅಲ್ಲೂ ಬರೆದಿಲ್ಲ ನಾನು. ಐದು ದಿನ ಆಯ್ತು ನಿಲ್ಲಿಸಿ..."

"ನಾನು ಓದೋದು ಬಿಟ್ಟು ಎರಡು ವರ್ಷ ಆಯ್ತು."

ಅವರು ಆಕೆಯ ಮುಖ ನೋಡಿದರು. ಮೊದಲ ದಿನದಿಂದ ಆ ಬ್ಲಾಗನ್ನು ಮೊದಲು ಓದುವವಳು ಆಕೆ ಎಂದೇ ಅವರು ನಂಬಿದ್ದರು. ಯಾವಾಗ ಏನು ಬರೆದರೂ ಮನಸ್ಸಿನ ಮೂಲೆಯಲ್ಲಿ, ಇದನ್ನು ಅವಳೂ ಓದುತ್ತಾಳೆ ಎಂದಿರುತ್ತಿತ್ತು.

ಆಕೆ ಪೆನ್ನಿಗೆ ಮುಚ್ಚಳ ಹಾಕಿದಳು. "ನೆನಪಿದೆಯಾ, ಆಸ್ಪತ್ರೆ ಮೆಟ್ಟಿಲ ಮೇಲೆ ಕಣ್ಣಿಗೆ ಕತ್ತಲೆ ಬಂದು ಕೂತ್ಬಿಟ್ಟೆ ಅಂತ ಬರೆದಿದ್ರಿ. ಮೆಟ್ಟಿಲಿನ ಫೋಟೋನೂ ಹಾಕಿದ್ರಿ. ಯಾರೋ ಅಪರಿಚಿತ ಹೆಂಗಸು ನೀರು ಕೊಟ್ಲು ಅಂತ. ಓದಿ ನನ್ನ ಕೈಕಾಲೇ ಬಿದ್ದುಹೋಯ್ತು. ಅದು ಹಿಂದಿನ ದಿನ ಆಗಿದ್ದು. ಹಿಂದಿನ ಸಂಜೆ ನೀವು ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದೀರ. ಹೇಗಿತ್ತು ದಿನ ಅಂದ್ರೆ 'ಹಂಗೇ' ಅಂದಿದೀರ. ಎಲ್ಲೋ ಇರೋ ಎಪ್ಪತ್ತು ಜನರ ಜೊತೆ ಸಾಲಲ್ಲಿ ನಿಂತು ನಾನು ನನ್ನ ಗಂಡನ ಸಮಾಚಾರ ತಿಳ್ಕೋಬೇಕಾ? ಅವತ್ತೇ ಬಿಟ್ಟೆ."

"ನಂಗೆ ಹೇಳಬಹುದಿತ್ತಲ್ಲ ನೀನು."

"ನಿಮಗೆ ಪುರುಸೊತ್ತು ಎಲ್ಲಿತ್ತು? ಎಲ್ಲರಿಗೂ ಒಂದೇ ನಿಮಿಷ ಕೊಡ್ತೀರ. ನಾನೂ ಹೋಗಿ ಆ ಕೋಣೆ ಮುಂದೆ ಬೆಂಚಿನ ಮೇಲೆ ಕಾಯಬೇಕಿತ್ತೇನೋ."

ಆಕೆಗೆ ಕೋಪಕ್ಕಿಂತ ಆಯಾಸವೇ ಹೆಚ್ಚಾಗಿತ್ತು. ಬಹಳ ದಿನ ಹೊತ್ತ ಚೀಲವನ್ನು ಕೆಳಗಿಟ್ಟ ಹಾಗೆ ಆಕೆ ಕುರ್ಚಿಗೆ ಒರಗಿದಳು. ಪಾಸ್ಟರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಮೇಲೆ ಹೇಳತೊಡಗಿದರು. ದರ್ಜಿಯ ಮನೆಯದು, ನೀಲಿ ಗೌನಿನದು, ನಾಲ್ಕು ಸಾವಿರ ನೋಡಿ ತಮಗಾದ ಸಂತೋಷದ್ದು, ಮಗಳು ಕೇಳಿದ್ದು. ಮಾತು ಮೊದಲು ತಡವರಿಸಿತು. ಮುಕ್ಕಾಲು ಭಾಗ ಹೇಳಿದ ಮೇಲೆ ತಾವು ಯೋಚಿಸಿಯೇ ಇರದದ್ದು ಬಾಯಿಂದ ಬಂತು.

"ಪ್ರಾರ್ಥನೆ ಬರ್ತಾ ಇಲ್ಲ ನಂಗೆ. ಮೂರು ವರ್ಷ ಆಯ್ತು. ಬಾಯಲ್ಲಿ ಬರುತ್ತೆ, ಒಳಗಿಂದ ಬರಲ್ಲ. ಅವತ್ತು ಆತನ ಹೆಗಲ ಮೇಲೆ ಕೈಯಿಟ್ಟು ಏನು ಹೇಳಬೇಕು ಅಂತ ಭಯ ಆಯ್ತು. ಕ್ಯಾಮೆರಾ ಇತ್ತಲ್ಲ, ಎತ್ತಿ ಅಡ್ಡ ಹಿಡ್ಕೊಂಡೆ."

ಹೆಂಡತಿ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಸಮಾಧಾನದ ಮಾತು ಹೇಳುತ್ತಾಳೆಂದು ಅವರು ಕಾದರು. ಆಕೆ ಹೇಳಲಿಲ್ಲ.

"ನಾಳೆ ಟೈಲರ್ ಮನೆಗೆ ಹೋಗಿ," ಎಂದಳು. "ಮಗಳ ಕ್ಷಮೆ ಕೇಳಿದ್ರಿ, ಆತನ ಮುಖ ನೋಡಿದ್ರಾ? ಹೋಗಿ ಕೂತ್ಕೊಳ್ಳಿ. ಪ್ರಾರ್ಥನೆ ಬರದಿದ್ರೆ ಬೇಡ. ಕೂತ್ಕೊಳ್ಳೋಕೆ ಬರುತ್ತಲ್ಲ?"

ಸೋಮವಾರ ಮಧ್ಯಾಹ್ನ ಹೋದರು. ದರ್ಜಿ ಮೇಜಿನ ಮುಂದೆ ನಿಂತು ಒಂದು ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದ. ಪಾಸ್ಟರ್ ಅವರನ್ನು ಕಂಡು ಸೂಜಿಯನ್ನೇ ಮುಂದೆ ಹಿಡಿದ.

"ಬನ್ನಿ ಅಯ್ಯನವರೇ, ಸ್ವಲ್ಪ ಹಾಕ್ಕೊಡಿ. ಇದೆಲ್ಲ ಅವಳದ್ದೇ ಕೆಲಸ ಆಗಿತ್ತು. ಹಾಸಿಗೆ ಮೇಲಿಂದಾನೇ ಪೋಣಿಸಿ ಪೋಣಿಸಿ ಕೊಡ್ತಿದ್ಲು, ಒಂದೊಂದು ಬಾರಿಗೆ ಇಪ್ಪತ್ತು."

ಪಾಸ್ಟರ್ ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ದಾರದ ತುದಿಯನ್ನು ಎಂಜಲು ಮಾಡಿ, ಕಿಟಕಿಯ ಕಡೆ ತಿರುಗಿ, ಐದಾರು ಸಲ ಪ್ರಯತ್ನಿಸಿದರು. ಆಗಲಿಲ್ಲ. "ನಂದೂ ಅದೇ ಕಥೆ," ಎಂದರು. ಇಬ್ಬರಿಗೂ ನಗು ಬಂತು. ನಕ್ಕ ಕೂಡಲೇ ಪಾಸ್ಟರ್‌ಗೆ ತಾವು ಬಂದ ಕೆಲಸ ನೆನಪಾಗಿ ಮುಖ ಬಾಡಿತು. ಫೋಟೋದ ವಿಷಯ ಎತ್ತಿದರು. ತಪ್ಪಾಯಿತು ಎಂದರು.

"ಮಗಳು ತೋರಿಸಿದ್ಲು," ಎಂದ ದರ್ಜಿ. ಸ್ಟೂಲ್ ಎಳೆದು ಕೂತ. "ಅವಳಿಗೆ ತುಂಬ ನೋವಾಗಿದೆ. ನಂಗೆ ಕೋಪ ಇಲ್ಲ ಅಯ್ಯನವರೇ. ಆದ್ರೆ ಒಂದು ಮಾತು. ನಾನು ಅದನ್ನ ಫೋನಲ್ಲಿ ದೊಡ್ಡದು ಮಾಡಿ ನೋಡಿದೆ. ಆಗಷ್ಟೇ ಒಂದು ಪಕ್ಕ ಹೊಲಿದು ಮುಗಿಸಿದ್ದೆ ನೋಡಿ, ಅದು ಕಾಣ್ತದೆ. ಸೊಟ್ಟ ಇದೆ. ಸೊಂಟದ ಹತ್ತಿರ ಹೊಲಿಗೆ ಒಂದು ಕಾಲು ಇಂಚು ಆಚೆ ಹೋಗಿದೆ."

ಪಾಸ್ಟರ್ ಕೈಯಲ್ಲಿದ್ದ ಸೂಜಿಯನ್ನು ಮೇಜಿನ ಮೇಲಿಟ್ಟರು.

"ಐವತ್ತು ವರ್ಷ ಹೊಲಿದೀನಿ. ಅವತ್ತು ಗೊತ್ತಾಗ್ಲೇ ಇಲ್ಲ. ಸೊಟ್ಟ ಹೊಲಿಗೇಲಿ ಕಳಿಸ್ಬಿಟ್ಟೆ ಅವಳನ್ನ. ಮಗಳಿಗೆ ಹೇಳಿದ್ರೆ 'ಇಲ್ಲಪ್ಪ, ನೇರ ಇದೆ' ಅಂತಾಳೆ. ಪಕ್ಕದ ಮನೆಯವರು 'ಬೆಳಕಿಗೆ ಹಂಗೆ ಕಾಣುತ್ತೆ' ಅಂತಾರೆ. ನೀವು ಅಲ್ಲೇ ನಿಂತಿದ್ರಿ, ಫೋಟೋನೂ ನಿಮ್ದೇ. ನೀವು ಹೇಳಿ. ಸೊಟ್ಟ ಇಲ್ವಾ?"

ಆ ಚಿತ್ರವನ್ನು ಪಾಸ್ಟರ್ ಆ ಎರಡು ದಿನದಲ್ಲಿ ನೂರು ಸಲ ನೋಡಿದ್ದರು. ಬೆಳಕು ನೋಡಿದ್ದರು, ಬೆನ್ನು ನೋಡಿದ್ದರು, ತಮ್ಮ ಸಾಲುಗಳನ್ನು ನೋಡಿದ್ದರು. ಹೊಲಿಗೆಯನ್ನು ನೋಡಿರಲಿಲ್ಲ. ಈಗ ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. ನೀಲಿ ಬಟ್ಟೆ, ಅದರ ಮೇಲೆ ದಾರದ ಗೆರೆ, ಸೊಂಟದ ಹತ್ತಿರ ಸಣ್ಣದೊಂದು ತಿರುವು.

"ಇದೆ," ಎಂದರು. "ಸೊಟ್ಟ ಇದೆ."

ದರ್ಜಿ ಉಸಿರು ಬಿಟ್ಟ. ಆತನ ಮುಖ ಒಮ್ಮೆಲೇ ಕುಗ್ಗಿ, ಮಗುವಿನ ಮುಖದಂತಾಯಿತು. "ಹೌದಲ್ವಾ," ಎಂದ. "ನಂಗೊತ್ತಿತ್ತು." ಮೇಜಿನ ಅಂಚು ಹಿಡಿದು ತಲೆ ಬಗ್ಗಿಸಿ ಅತ್ತ. ಪಾಸ್ಟರ್ ಎದ್ದು ಹೋಗಿ ಆ ಬಗ್ಗಿದ ಬೆನ್ನ ಮೇಲೆ ಕೈಯಿಟ್ಟರು. ಹೇಳಲು ಏನೂ ಬರಲಿಲ್ಲ, ಹುಡುಕಲೂ ಹೋಗಲಿಲ್ಲ. ಬೀದಿಯಲ್ಲಿ ಯಾವುದೋ ಗಾಡಿ ಹಾದು ಹೋಯಿತು. ಗೋಡೆಯ ಮೇಲಿನ ಅರೆಹೊಲಿದ ಪ್ಯಾಂಟುಗಳು ಗಾಳಿಗೆ ಅಲ್ಲಾಡಿದವು. ಸ್ವಲ್ಪ ಹೊತ್ತಾದ ಮೇಲೆ ಅಭ್ಯಾಸಬಲದಿಂದ ಅವರು ಗಂಟಲು ಸರಿಮಾಡಿಕೊಂಡಾಗ ದರ್ಜಿ ಕೈಯೆತ್ತಿ ತಡೆದ.

"ಬೇಡ ಅಯ್ಯನವರೇ. ಬಂದವರೆಲ್ಲ ಪ್ರಾರ್ಥನೆ ಮಾಡಿ ಎದ್ದು ಹೋದ್ರು. ನಿಮಗೆ ಪುರುಸೊತ್ತಿದ್ರೆ ಸುಮ್ನೆ ಕೂತಿರಿ."

ಅವರು ಕೂತರು. ನಾಲ್ಕು ಗಂಟೆಯವರೆಗೂ ಕೂತರು. ಅವತ್ತು ಮೂರಕ್ಕೆ ಒಂದು ಮದುವೆ ಮಾತುಕತೆಗೆ ಹೋಗಬೇಕಿತ್ತು, ಮರೆತೇಹೋಯಿತು. ಗಂಡಿನ ಕಡೆಯವರು ಎರಡು ದಿನ ಮುನಿಸಿಕೊಂಡಿದ್ದರು.

ಇದೆಲ್ಲ ಆಗಿ ಈಗ ಏಳು ತಿಂಗಳು. ಎಲ್ಲವೂ ಸರಿಹೋಯಿತು ಎಂದು ಹೇಳುವ ಹಾಗಿಲ್ಲ. ಪಾಸ್ಟರ್ ಸಭೆಯ ಆಡಳಿತ ಸಮಿತಿಯ ಹತ್ತಿರ ಮೂರು ವಾರ ರಜೆ ಕೇಳಿದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದ್ದರಿಂದ ಕಾರ್ಯದರ್ಶಿಗೆ ಇಲ್ಲ ಅನ್ನಲು ನಿಯಮ ಸಿಗಲಿಲ್ಲ. ರಜೆಯಲ್ಲಿ ಅವರು ಮಾಡಿದ್ದು ಹೆಚ್ಚುಪಾಲು ನಿದ್ದೆ. ಈಗಲೂ ಬೆಳಿಗ್ಗೆ ಮೊಣಕಾಲೂರಿದರೆ ಮಾತು ಬರುವುದು ಅಪರೂಪ. ಮೊದಲಾಗಿದ್ದರೆ ಎದ್ದು ಓಡುತ್ತಿದ್ದರು. ಈಗ ಅರ್ಧ ಗಂಟೆ ಹಾಗೆಯೇ ಇರುತ್ತಾರೆ, ಮಂಡಿ ನೋವಾದರೆ ಕುರ್ಚಿಯ ಮೇಲೆ. ಅದನ್ನು ಪ್ರಾರ್ಥನೆ ಅನ್ನಬಹುದೋ ಇಲ್ಲವೋ ಅವರಿಗೆ ತಿಳಿಯದು.

ಸೋಮವಾರ ಮಧ್ಯಾಹ್ನ ದರ್ಜಿಯ ಅಂಗಡಿಗೆ ಹೋಗುವುದು ಉಳಿದುಕೊಂಡಿದೆ. ಮಗಳು ಎರಡು ತಿಂಗಳು ಆರಾಧನೆಗೆ ಬರಲಿಲ್ಲ. ಆಮೇಲೆ ಬರತೊಡಗಿದಳು. ಕೊನೆಯ ಸಾಲಿನಲ್ಲಿ ಕೂತು, ಬಾಗಿಲಲ್ಲಿ ಎಲ್ಲರೂ ಪಾಸ್ಟರ್ ಕೈ ಕುಲುಕುವ ಮುಂಚೆ ಎದ್ದು ಹೋಗುತ್ತಾಳೆ. ಒಮ್ಮೆ ಬೀದಿಯಲ್ಲಿ ಎದುರಾದಾಗ, "ಅಪ್ಪ ಸೋಮವಾರ ಬೆಳಿಗ್ಗೆಯಿಂದಾನೇ ನಿಮ್ಮ ದಾರಿ ಕಾಯ್ತಾರೆ, ತಪ್ಪಿಸಬೇಡಿ," ಎಂದಳು. ಕ್ಷಮಿಸಿದೆ ಅನ್ನಲಿಲ್ಲ. ಅವರೂ ಕೇಳಲಿಲ್ಲ.

ಬ್ಲಾಗು ನಿಂತಿಲ್ಲ. ವಾರಕ್ಕೆ ಒಂದೋ ಎರಡೋ ಬರೆಯುತ್ತಾರೆ, ಮನುಷ್ಯರ ಚಿತ್ರ ಕೇಳದೆ ತೆಗೆಯುವುದಿಲ್ಲ. ಆ ನಾಲ್ಕು ಸಾವಿರ, ಇಪ್ಪತ್ತು ಸಾವಿರ ಬಂದ ವೇಗದಲ್ಲೇ ಹೋದರು. ಹಳೆಯ ಎಪ್ಪತ್ತರಲ್ಲಿ ಮೂವತ್ತು ಜನ ಉಳಿದಿರಬಹುದು. ಒಬ್ಬ ಓದುಗ, 'ಮುಂಚಿನ ಹಾಗೆ ಮನ ಕಲಕುವಂಥದ್ದು ಬರೆಯುತ್ತಿಲ್ಲ ನೀವು' ಎಂದು ದೂರಿದ. ನಿಜ ಎಂದು ಪಾಸ್ಟರ್ ಉತ್ತರಿಸಿದರು.

ಈಗ ನಡಿಗೆ ಮುಗಿಸಿ ಬಂದರೆ ನೇರ ಕಂಪ್ಯೂಟರಿಗೆ ಹೋಗುವುದಿಲ್ಲ. ಹೆಂಡತಿ ಶಾಲೆಗೆ ಹೊರಡುವ ಅವಸರದಲ್ಲಿರುತ್ತಾಳೆ, ತಲೆ ಬಾಚುತ್ತಲೋ ಡಬ್ಬಿ ತುಂಬುತ್ತಲೋ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡಿದ್ದನ್ನು ಹೇಳುತ್ತಾರೆ. ಆಕೆ ಎಲ್ಲವನ್ನೂ ಗಮನವಿಟ್ಟು ಕೇಳುತ್ತಾಳೆಂದೇನಿಲ್ಲ. ಮೊನ್ನೆ ಗುರುವಾರ ಡಿಪೋದ ಹತ್ತಿರ ಕಂಡದ್ದನ್ನು ಹೇಳಿದರು. ಒಬ್ಬ ಬಸ್ ಡ್ರೈವರ್ ಕೆಲಸಕ್ಕೆ ಏರುವ ಮುಂಚೆ ಖಾಲಿ ಬಸ್ಸಿನ ಮೊದಲ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿ ಡಿಪೋದ ಅಂಗಳದಲ್ಲೇ ಒಂದು ಸುತ್ತು ಹಾಕಿಸಿದನಂತೆ. ಅವಳು ಟಿಕೆಟ್ ಕೊಳ್ಳುವವಳ ಹಾಗೆ ಗಂಭೀರವಾಗಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳಂತೆ. ಇಳಿಯುವಾಗ ಅವನಿಗೆ ಚಿಲ್ಲರೆ ಕೊಡುವ ಹಾಗೆ ನಟಿಸಿದಳಂತೆ.

ಹೆಂಡತಿಯ ಬಾಚಣಿಗೆ ನಿಂತಿತು. "ಆಮೇಲೆ?"

"ಆಮೇಲೇನು, ಅವನು ತಗೊಂಡು ಜೇಬಿಗೆ ಹಾಕ್ಕೊಂಡ."

ಆಕೆ ನಕ್ಕಳು. ಪಿನ್ನು ಸಿಕ್ಕಿಸಿಕೊಂಡಳು, ಚೀಲ ಹೆಗಲಿಗೇರಿಸಿದಳು. ಬಾಗಿಲ ತನಕ ಹೋಗಿ ಹೇಳಿದಳು:

"ರೀ, ಇದನ್ನ ಬರೀಬೇಡಿ. ಇದು ನಂಗಿರಲಿ."

ಪಾಸ್ಟರ್ ಆಯಿತು ಎಂದರು. ಆಕೆ ಹೋದ ಮೇಲೆ ಕಾಲುಚೀಲ ಹಾಕಿಕೊಳ್ಳಲು ಕೂತರು. ಬಗ್ಗುವುದು ಕಷ್ಟವಾಗಿ ಎರಡು ಸಲ ನಿಲ್ಲಿಸಿ ಸುಧಾರಿಸಿಕೊಂಡರು. ಅವತ್ತು ಆಸ್ಪತ್ರೆಯಲ್ಲಿ ಮೂವರನ್ನು ನೋಡಬೇಕಿತ್ತು, ಆಮೇಲೆ ಸಮಿತಿಯ ಸಭೆ.